ಗೋಡೆ ಮೇಲೆ ಕಸೂತಿ

ಪ್ರಶ್ನೆ: ಸ್ಲೊವಾಕಿಯಾದ ಬೆಟ್ಟದೂರು ಚಿಚ್ಮನಿಯ ಫೋಟೋ ನೋಡಿದೆ. ಕಪ್ಪು ಮರದ ಗೋಡೆ ತುಂಬಾ ಬಿಳಿ ಚಿತ್ತಾರ! ಸುಮ್ನೆ ಅಂದಕ್ಕಾ?

ಉತ್ತರ: ಬರೀ ಅಂದಕ್ಕಲ್ಲ. ಅವು ದಿಮ್ಮಿಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿದ ಮನೆಗಳು. ಮಳೆ, ಹಿಮಕ್ಕೆ ಮರ ಕೆಡುತ್ತದೆ ಅಲ್ವಾ, ಅದಕ್ಕೇ ಮೊದಲು ಮೂಲೆಗಳಿಗೆ ಸುಣ್ಣ ಬಳಿಯುತ್ತಿದ್ದರು, ಆಮೇಲೆ ಹೆಂಗಸರು ತಮ್ಮ ಬಟ್ಟೆಯ ಕಸೂತಿಯಲ್ಲಿದ್ದ ಗೆರೆ, ಹೂವುಗಳನ್ನೇ ಗೋಡೆಗೂ ತಂದರು. ಎಂಥ ಚೆಂದದ ಯೋಚನೆ!

ಊರಿನ ಹೆಸರು 1272ರ ದಾಖಲೆಯಲ್ಲೇ ಇದೆ. 1921ರಲ್ಲಿ ಬೆಂಕಿ ಬಿದ್ದು ತುಂಬಾ ಮನೆಗಳು ಸುಟ್ಟುಹೋದವು. ವಾಸ್ತುಶಿಲ್ಪಿ ದುಶಾನ್ ಯುರ್ಕೊವಿಚ್ ಮುಂದೆ ನಿಂತು ಹಳೇ ಮಾದರಿಯಲ್ಲೇ ಮತ್ತೆ ಕಟ್ಟಿಸಿದರು. ನನಗೆ ಜಾಸ್ತಿ ಇಷ್ಟವಾಗುವುದು ಇದೇ. 1977ರಿಂದ ಅದು ಸಂರಕ್ಷಿತ ಹಳ್ಳಿ. ಹೋದರೆ ರಾಡೆನ್ ಮನೆ ತಪ್ಪಿಸಬೇಡಿ, ಈಗದು ಮ್ಯೂಸಿಯಂ.