ಹುಲ್ಲಲ್ಲಿ ಒಂಟಿ ಮೊಲದ ಮರಿ ಸಿಕ್ಕಿದೆ, ಯಾವ ಹಾಲು ಕುಡಿಸಲಿ?

ಪುಣೆಯ ವಾಘೋಲಿಯ ಖಾಲಿ ಪ್ಲಾಟಿನಲ್ಲಿ ಮರಿ ಒಂದೇ ಕೂತಿತ್ತು, ತಾಯಿ ಬಿಟ್ಟು ಹೋಗಿದೆ, ಬೆಳಿಗ್ಗೆ ಮನೆಗೆ ತಂದೆ, ಹಸುವಿನ ಹಾಲೋ ಮೇಕೆ ಹಾಲೋ ಅಂತ ಕೇಳಿದ್ದೀರಿ. ಯಾವುದೂ ಬೇಡ. ನಾನೂ ಇದೇ ಪ್ರಶ್ನೆ ಕೇಳಿದವನು, ಆದರೆ ಕೇಳುವ ಮೊದಲೇ ಕುಡಿಸಿಬಿಟ್ಟಿದ್ದೆ.

ನಾನು ಬಾಗಲಕೋಟೆಯವನು, ಪುಣೆಯಲ್ಲಿ ಸೈಟ್ ಎಂಜಿನಿಯರ್. ನಾಲ್ಕು ವರ್ಷದ ಹಿಂದೆ ಸಾಸವಡ ರಸ್ತೆಯಲ್ಲಿ ಕೆಲಸ ನಡೆದಿತ್ತು. ದೀಪಾವಳಿ ಆಗಿ ಒಂದು ವಾರ. ಮಳೆಗಾಲದ ಹುಲ್ಲು ಒಣಗಿ ಸೊಂಟದೆತ್ತರ ನಿಂತಿತ್ತು. ಜೆಸಿಬಿ ಹುಲ್ಲು ಹೆರೆಯುತ್ತಾ ಬರುವಾಗ ನಮ್ಮ ಹುಡುಗರು "ಸಾಹೇಬ್ರ, ಮೊಲದ ಮರಿ!" ಅಂತ ಕೂಗಿದರು. ಅಂಗೈಯಷ್ಟಿತ್ತು. ಕಣ್ಣು ಬಿಟ್ಟಿತ್ತು, ಮೈತುಂಬ ಕೂದಲು. ಅಷ್ಟು ದೊಡ್ಡ ಗಾಡಿ ಹತ್ತಿರ ಬಂದರೂ ಅಲ್ಲಾಡಲಿಲ್ಲ. ಪಾಪ, ಎದ್ದು ಓಡೋಕೂ ಶಕ್ತಿ ಇಲ್ಲ ಅಂದುಕೊಂಡೆ. ಈಗ ಗೊತ್ತು, ಕಾಡುಮೊಲದ ಮರಿ ಬದುಕೋದೇ ಹಾಗೆ ಅಲುಗಾಡದೆ ಕೂತು. ಗಾಡಿ ನಿಲ್ಲಿಸಿ ಅದನ್ನು ಬಟ್ಟೆಯಲ್ಲಿ ಎತ್ತಿ ಇಪ್ಪತ್ತು ಅಡಿ ಆಚೆ ಹುಲ್ಲಲ್ಲಿ ಇಟ್ಟಿದ್ದರೆ ಕೆಲಸ ಮುಗಿದಿರ್ತಿತ್ತು. ನಾನು ಬೂಟಿನ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ತಂದೆ.

ಆಗ ನನ್ನ ಮಗಳಿಗೆ ಐದು ತಿಂಗಳು. ಮನೆಯಲ್ಲಿ ಅವಳ ವಿಟಮಿನ್ ಡಿ ಹನಿಯ ಡ್ರಾಪರ್ ಇತ್ತು. ಕೈಗೆ ಅಭ್ಯಾಸ ಆಗಿಬಿಟ್ಟಿತ್ತು ನೋಡಿ, ಮರಿಯನ್ನೂ ಎಡಗೈ ಮೇಲೆ ಅಂಗಾತ ಮಲಗಿಸಿಕೊಂಡೆ, ಮಗಳಿಗೆ ಒಳಲೆ ಹಿಡಿಯುವ ಹಾಗೆಯೇ. ಬೆಚ್ಚಗಿನ ಪ್ಯಾಕೆಟ್ ಹಾಲು, ಡ್ರಾಪರ್ ಬಾಯಿಗಿಟ್ಟು ಒತ್ತಿದೆ. ಬಲ ಮೂಗಿನ ಹೊಳ್ಳೆಯಲ್ಲಿ ಬಿಳಿ ಗುಳ್ಳೆ ಒಂದು ಬಂತು, ಸಾಸಿವೆ ಕಾಳಿನಷ್ಟು. ಸೀನಿತು ಅಂದುಕೊಂಡು ಒರೆಸಿ ಮತ್ತೆ ಒತ್ತಿದೆ.

ನಾನು ಮಾಡಿದ ತಪ್ಪು ಅದೇ. ಹಸುವಿನ ಹಾಲು ಕೊಟ್ಟಿದ್ದೂ ತಪ್ಪೇ, ಅದು ಹೊಟ್ಟೆ ಉಬ್ಬಿಸುತ್ತೆ, ಭೇದಿ ಮಾಡಿಸುತ್ತೆ. ಆದರೆ ನನ್ನ ಮರಿ ಭೇದಿಯಾಗುವ ತನಕ ಕಾಯಲೇ ಇಲ್ಲ. ಮೊಲದ ಮರಿ ಹೊಟ್ಟೆ ಕೆಳಗಾಗಿ, ನಾಲ್ಕು ಕಾಲೂ ಊರಿ, ತಲೆ ನೇರವಾಗಿಟ್ಟು ತಾನಾಗಿ ನೆಕ್ಕಬೇಕು. ಅಂಗಾತ ಮಲಗಿಸಿ ಒತ್ತಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತೆ. ಮೂಗಿಂದ ಬಂದಿದ್ದು ಸೀನಲ್ಲ, ಹಾಲು. ಅಲ್ಲಿಗೇ ನಿಲ್ಲಿಸಿದ್ದರೂ ಆಗ್ತಿತ್ತೇನೋ. ನಾನು ಎರಡೆರಡು ಗಂಟೆಗೆ ಅಲಾರಂ ಇಟ್ಟುಕೊಂಡು, ಮಗಳು ಎದ್ದಾಗ ಮಗಳಿಗೆ, ಇಲ್ಲಾಂದ್ರೆ ಇದಕ್ಕೆ, ರಾತ್ರಿ ಇಡೀ ಕುಡಿಸಿದೆ. ತಾಯಿ ಮೊಲ ದಿನಕ್ಕೆ ಒಂದೋ ಎರಡೋ ಸಲ ಬಂದು ಕೆಲವೇ ನಿಮಿಷ ಹಾಲೂಡಿಸಿ ಹೋಗುತ್ತೆ, ಅದರ ಹಾಲು ಅಷ್ಟು ಗಟ್ಟಿ. ನಾನು ಒಂದು ರಾತ್ರಿಯಲ್ಲಿ ಐದು ಸಲ ಅದರ ಶ್ವಾಸಕ್ಕೆ ಹಾಲು ತುಂಬಿದೆ. ಪ್ರೀತಿಯಿಂದಲೇ.

ಮರುದಿನ ಉಸಿರಲ್ಲಿ ಗೊರಗೊರ. ಮಗಳ ಕೆಮ್ಮಿಗೆ ತಂದಿದ್ದ ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯಾಟಿಕ್ ಸಿರಪ್ ಉಳಿದಿತ್ತು, ಅದನ್ನೂ ಜೇಬಲ್ಲಿಟ್ಟುಕೊಂಡು ಪ್ರಾಣಿ ಡಾಕ್ಟರ್ ಹತ್ತಿರ ಹೋದೆ. ಅವರು ಬಾಟ್ಲಿ ನೋಡಿ ಬೈದರು. ಆ ಜಾತಿಯ ಔಷಧ ಬಾಯಿಂದ ಕೊಟ್ಟರೆ ಮೊಲದ ಕರುಳೇ ಕೆಡುತ್ತಂತೆ, ಅದರಿಂದಲೇ ಸಾಯಬಹುದಂತೆ. ಮೂರನೇ ದಿನ ಬೆಳಗಿನ ಜಾವ ಮರಿ ಹೋಯಿತು. ಸೈಟಿನ ಮೂಲೆಯಲ್ಲಿ ಹೂಳುವಾಗ ನಮ್ಮ ವಾಚ್‌ಮನ್, ಇಂಡಿ ಕಡೆಯ ಕಾಕಾ, ಹೇಳಿದರು: "ನೀವು ಒಯ್ದ ದಿನ ಕತ್ತಲಾದ ಮ್ಯಾಲೆ ದೊಡ್ಡ ಮೊಲ ಬಂದಿತ್ರಿ. ಅಲ್ಲೇ ಎರಡು ಸುತ್ತು ಹೊಡದು ಹೋತು."

ಹಾಗಾಗಿ 'ತಾಯಿ ಬಿಟ್ಟು ಹೋಗಿದೆ' ಅನ್ನೋ ನಿಮ್ಮ ಮಾತನ್ನೇ ನಾನು ಒಪ್ಪಲ್ಲ. ಹಗಲಲ್ಲಿ ಅದು ಬೇಕಂತಲೇ ದೂರ ಇರುತ್ತೆ, ನಾಯಿ ನರಿಗೆ ಮರಿಯ ಜಾಗ ಗೊತ್ತಾಗಬಾರದು ಅಂತ. ಮನುಷ್ಯರು ಮುಟ್ಟಿದರೆ ಸೇರಿಸಿಕೊಳ್ಳಲ್ಲ ಅನ್ನೋದೂ ಸುಮ್ನೆ ಹೇಳುವ ಮಾತು. ಇನ್ನೊಂದು, ಯೂಟ್ಯೂಬಿನಲ್ಲಿ ಬಾಟ್ಲಿ ಹಾಲು ಕುಡಿಯುವ ಬಿಳಿ ಮರಿಗಳನ್ನು ನೋಡಿ ಕಲಿಯಬೇಡಿ. ಅವು ಅಂಗಡಿಯ ಸಾಕು ಮೊಲ, ಹುಟ್ಟುವಾಗ ಕೂದಲಿಲ್ಲ, ಕಣ್ಣು ಬಿಟ್ಟಿರಲ್ಲ. ನಿಮ್ಮದು ಕಾಡುಮೊಲ, 1972ರ ವನ್ಯಜೀವಿ ಕಾಯ್ದೆ ಅದಕ್ಕಿದೆ, ಮನೆಯಲ್ಲಿ ಸಾಕೋ ಹಾಗಿಲ್ಲ. ಮಕ್ಕಳು ಖುಷಿಪಡ್ತಾರೆ ಅಂತ ಬೇರೆ ಬರೆದಿದ್ದೀರಿ. ಮಕ್ಕಳ ಗಲಾಟೆಗೇ ಅದು ಅರ್ಧ ಸಾಯುತ್ತೆ.

ಬೆಕ್ಕೋ ನಾಯಿಯೋ ಬಾಯಿ ಹಾಕಿದ್ದರೆ, ರಕ್ತ ಇದ್ದರೆ, ಮೈಮೇಲೆ ನೊಣ ಇರುವೆ ಮುತ್ತಿದ್ದರೆ, ಮೈ ತಣ್ಣಗಾಗಿದ್ದರೆ ಮಾತು ಬೇರೆ. ಬೆಕ್ಕಿನ ಹಲ್ಲಿನ ಗುರುತು ಸೂಜಿ ಮೊನೆಯಷ್ಟಿದ್ದರೂ ನಂಜಾಗುತ್ತೆ, ನಾಳೆ ನೋಡೋಣ ಅನ್ನಬೇಡಿ. ತೂತು ಮಾಡಿದ ರಟ್ಟಿನ ಡಬ್ಬಿ, ಒಳಗೆ ಹಳೆ ಕಾಟನ್ ಬಟ್ಟೆ, ಕತ್ತಲು, ಸದ್ದಿಲ್ಲದ ಜಾಗ. ಬಾಯಿಗೆ ಏನೂ ಹಾಕದೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಪುಣೆಯ ಬಾವಧನದಲ್ಲಿ ವನ್ಯಪ್ರಾಣಿಗಳ ಚಿಕಿತ್ಸಾ ಕೇಂದ್ರ ಇದೆ, ನಾನು ಆ ದಿನವೇ ಅಲ್ಲಿಗೆ ಹೋಗಬೇಕಿತ್ತು.

ಗಾಯ ಇಲ್ಲ ಅಂತ ನೀವೇ ಬರೆದಿದ್ದೀರಿ. ಸಿಕ್ಕಿದ್ದೂ ಇವತ್ತೇ. ಕತ್ತಲಾಗುವ ಮೊದಲು ಸಿಕ್ಕಿದ ಜಾಗದಲ್ಲೇ ಹುಲ್ಲಿನ ಬುಡದಲ್ಲಿ ಇಟ್ಟು ಬನ್ನಿ. ಸೊಸೈಟಿಯ ನಾಯಿಗಳನ್ನು ಒಂದು ರಾತ್ರಿ ಆ ಕಡೆ ಬಿಡಬೇಡಿ ಅಂತ ವಾಚ್‌ಮನ್‌ಗೆ ಹೇಳಿ. ಪಕ್ಕದಲ್ಲೇ ಕೂತು ಕಾಯಬೇಡಿ, ನೀವಿದ್ದರೆ ತಾಯಿ ಬರಲ್ಲ. ಬೆಳಿಗ್ಗೆ ಏನಾಯ್ತು ಅಂತ ಇಲ್ಲೇ ಬರೆಯಿರಿ.