ಕ್ವಿಬೆಕ್ ಸೈನಿಕನ ವಂಶಾವಳಿ

ಪ್ರಶ್ನೆ: ನಮ್ಮ ಸೊಸೆ ಕೆನಡಾದ ಕ್ವಿಬೆಕ್‌ನವಳು. ಅವಳ ಮೂಲಪುರುಷ 1665ರಲ್ಲಿ ಅಲ್ಲಿಗೆ ಬಂದ ಫ್ರೆಂಚ್ ಸೈನಿಕನಂತೆ. ಹುಡುಕುವುದು ಹೇಗೆ?
– ಓದುಗರು, ಧಾರವಾಡ

ಉತ್ತರ: ಹಾಗಾದರೆ ಆತ ಆ ವರ್ಷ ಫ್ರಾನ್ಸಿನಿಂದ ಬಂದ ಸೇನಾಪಡೆ ಕಾರಿಞಾನ್-ಸಾಲಿಯೇರ್ ರೆಜಿಮೆಂಟಿನವನಿರಬೇಕು. 1668ರಲ್ಲಿ ಪಡೆ ಮರಳಿದಾಗ ಸುಮಾರು 400 ಮಂದಿ ಅಲ್ಲೇ ಉಳಿದರು. ಸೊಸೆಯಿಂದ ಹಿಂದಕ್ಕೆ, ಒಂದೊಂದೇ ಮದುವೆ ದಾಖಲೆ ಹಿಡಿದು ಹೋಗಿ. ಚರ್ಚಿನ ಮದುವೆ ದಾಖಲೆಯಲ್ಲಿ ಸಾಮಾನ್ಯವಾಗಿ ವಧೂವರರ ತಂದೆತಾಯಿಯ ಹೆಸರಿರುತ್ತದೆ. ವಲಸೆ ಬಂದವನದಾದರೆ ಫ್ರಾನ್ಸಿನ ಊರೂ ಸಿಗಬಹುದು. ಊರಿನ ಹೆಸರು ಅಲ್ಲಿ ಇಲ್ಲದಿದ್ದರೆ ನೋಟರಿಯ ಮುಂದೆ ಬರೆಸಿದ ಮದುವೆ ಕರಾರು ನೋಡಿ.

ಹೆಚ್ಚಿನವರು ಎಡವುವುದು ಹೆಸರಿನಲ್ಲಿ. ಸೈನಿಕರಿಗೆ ಮನೆತನದ ಹೆಸರಲ್ಲದೆ ಪಡೆಯ ಅಡ್ಡಹೆಸರೂ ಇತ್ತು. ಒಬ್ಬ ಮಗ ಅದನ್ನು, ಇನ್ನೊಬ್ಬ ಇದನ್ನು ಇಟ್ಟುಕೊಂಡದ್ದುಂಟು. ಎರಡರಲ್ಲೂ ಹುಡುಕಿ. 1666ರ ಜನಗಣತಿಯಲ್ಲಿ ಸೈನಿಕರನ್ನು ಎಣಿಸಿರಲಿಲ್ಲ, ಆತ ಕಾಣದಿದ್ದರೆ ಗಾಬರಿ ಬೇಡ. ಫ್ರಾನ್ಸಿನ ಸೇನಾ ದಾಖಲೆಗೆ ಅಲೆಯುವುದೂ ವ್ಯರ್ಥ: ಸೈನಿಕರ ವಿವರವಾದ ನೋಂದಣಿ ಶುರುವಾದದ್ದೇ 1716ರಲ್ಲಿ.