ಬರಹಗಾರರಿಗೆ ಸಲಹೆ: ಮೆದುಳು, ಪ್ರಾರ್ಥನೆ ಮತ್ತು 21 ದಿನಗಳ ಭರವಸೆ

ಮಾನ್ಯರೇ,

ಹರಿಹರದಿಂದ ನೀವು ಕಳುಹಿಸಿದ ‘ಹೊಸ ಮನಸ್ಸು, ಹೊಸ ಮೆದುಳು’ ಲೇಖನವನ್ನು ಪೂರ್ತಿ ಓದಿದ್ದೇನೆ. ನಕಾರಾತ್ಮಕ ಯೋಚನೆಗಳಲ್ಲಿ ಸಿಕ್ಕಿಕೊಂಡವರು ಪ್ರಾರ್ಥನೆಯಿಂದಲೂ ದೇವರ ವಾಕ್ಯದ ಧ್ಯಾನದಿಂದಲೂ 21 ದಿನಗಳಲ್ಲಿ ಮೆದುಳಿನ ರಚನೆಯನ್ನೇ ಬದಲಿಸಿಕೊಳ್ಳಬಹುದು, ಸಂತ ಪೌಲನು ಎರಡು ಸಾವಿರ ವರ್ಷಗಳ ಹಿಂದೆ ಹೇಳಿದ್ದನ್ನೇ ಇಂದಿನ ನರವಿಜ್ಞಾನ ಸಾಬೀತುಪಡಿಸಿದೆ ಎಂಬುದು ನಿಮ್ಮ ವಾದದ ಸಾರ. ವಿಷಯವೇನೋ ನಮ್ಮ ಓದುಗರಿಗೆ ಬೇಕಾದದ್ದೇ. ದಾವಣಗೆರೆ, ಚಿತ್ರದುರ್ಗದ ಕಡೆ ಸಾಲಕ್ಕೋ ಮಕ್ಕಳ ಫಲಿತಾಂಶಕ್ಕೋ ನಿದ್ದೆಗೆಟ್ಟವರಲ್ಲಿ ಎಷ್ಟೋ ಮಂದಿ ಮನೋವೈದ್ಯರ ಬಾಗಿಲು ತಟ್ಟುವ ಮುನ್ನ ಗುಡಿಗೋ ದರ್ಗಾಕ್ಕೋ ನಿಮ್ಮೂರಿನ ಆರೋಗ್ಯಮಾತೆಯ ಸನ್ನಿಧಿಗೋ ಹೋಗುತ್ತಾರೆ. ಅವರಿಗೆ ತಿಳಿಯುವಂತೆ ಬರೆಯಬಲ್ಲವರು ಕಡಿಮೆ. ಆದರೂ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಭರವಸೆ ಕೊಡುವ ಆತುರದಲ್ಲಿ ಅದು ವಿಜ್ಞಾನ ಹೇಳಿದ್ದಕ್ಕಿಂತಲೂ ಹೆಚ್ಚು ಹೇಳುತ್ತದೆ, ಬೈಬಲ್ ಹೇಳಿದ್ದಕ್ಕಿಂತಲೂ ಹೆಚ್ಚು ಹೇಳುತ್ತದೆ. ಆ ಹೆಚ್ಚುವರಿ ಮಾತಿನ ಭಾರ ಕೊನೆಗೆ ಬೀಳುವುದು ನರಳುತ್ತಿರುವವರ ಹೆಗಲ ಮೇಲೆ.

ಮೊದಲು ಆ 21 ದಿನಗಳ ಮಾತು. ಅದರ ಮೂಲ ನರವಿಜ್ಞಾನವಲ್ಲ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್, ತಮ್ಮ ರೋಗಿಗಳು ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ 21 ದಿನಗಳಾದರೂ ಬೇಕಾಗುತ್ತವೆ ಎಂದು 1960ರಲ್ಲಿ ಬರೆದಿದ್ದರು. ಬಾಯಿಂದ ಬಾಯಿಗೆ ಹರಡುವಾಗ ‘ಕನಿಷ್ಠ’ ಉದುರಿಹೋಗಿ ಸಂಖ್ಯೆ ಮಾತ್ರ ಉಳಿಯಿತು. ಮುಂದೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಒಂದು ಅಭ್ಯಾಸ ಸಹಜವಾಗಲು ಸರಾಸರಿ 66 ದಿನ ಬೇಕೆಂದೂ ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಗಬಹುದೆಂದೂ ಕಂಡರು. ಅಲ್ಲಿ ಅಭ್ಯಾಸವೆಂದರೆ ಊಟದ ಜೊತೆ ಹಣ್ಣು ತಿನ್ನುವುದು, ವ್ಯಾಯಾಮ ಮಾಡುವುದು ಮುಂತಾದ ನಡವಳಿಕೆಗಳು. ವರ್ಷಗಳಿಂದ ಬೇರೂರಿದ ‘ನಾನು ಯಾತಕ್ಕೂ ಬಾರದವಳು’ ಎಂಬ ನಂಬಿಕೆಯನ್ನು ಅವರು ಅಳೆದಿರಲಿಲ್ಲ. ನಿಮ್ಮ ಲೇಖನ ಓದಿ ಶ್ರದ್ಧೆಯಿಂದ ಪ್ರಾರ್ಥಿಸಿದ ಒಬ್ಬರಿಗೆ 22ನೆಯ ದಿನವೂ ಅದೇ ಯೋಚನೆ ಬಂದರೆ ಅವರು ಸಂಖ್ಯೆಯನ್ನು ಸಂಶಯಿಸುವುದಿಲ್ಲ, ತಮ್ಮ ವಿಶ್ವಾಸವನ್ನು ಸಂಶಯಿಸುತ್ತಾರೆ.

ಎರಡನೆಯ ಆಕ್ಷೇಪ ನೀವು ತುಂಬ ಪ್ರೀತಿಯಿಂದ ಬೆಳೆಸಿರುವ ಉಪಮೆಗೆ ಸಂಬಂಧಿಸಿದ್ದು. ಹೊಸ ಕಾಲುದಾರಿಯಲ್ಲಿ ನಡೆಯುತ್ತ ಹೋದರೆ ಹಳೆಯ ದಾರಿ ಹುಲ್ಲು ಮುಚ್ಚಿ ಇಲ್ಲವಾಗುತ್ತದೆ, ಕೆಟ್ಟ ಯೋಚನೆಯ ನರಮಾರ್ಗವೂ ಹಾಗೆಯೇ ಅಳಿಸಿಹೋಗುತ್ತದೆ ಎಂದು ಬರೆದಿದ್ದೀರಿ. ಮೊದಲರ್ಧಕ್ಕೆ ಆಧಾರವಿದೆ. ಚೆಂಡುಗಳನ್ನು ಮೇಲಕ್ಕೆಸೆದು ಹಿಡಿಯುವ ಆಟವನ್ನು ಮೂರು ತಿಂಗಳು ಕಲಿತವರ ಮೆದುಳಿನ ಕೆಲವು ಭಾಗಗಳು ಹಿಗ್ಗಿದ್ದನ್ನು ಜರ್ಮನಿಯ ಸಂಶೋಧಕರು 2004ರಲ್ಲಿ ವರದಿ ಮಾಡಿದರು. ಅಭ್ಯಾಸ ಬಿಟ್ಟ ಮೇಲೆ ಆ ಹಿಗ್ಗು ಇಳಿಯಿತೆಂಬುದನ್ನೂ ಅವರು ಹೇಳಿದ್ದಾರೆ, ನೀವು ಹೇಳಿಲ್ಲ. ಆದರೆ ಹಳೆಯ ಯೋಚನೆಯ ದಾರಿ ಅಳಿಸಿಹೋಗುತ್ತದೆಂಬ ಉತ್ತರಾರ್ಧ ನಿಲ್ಲುವುದಿಲ್ಲ. ಕಲಿಸಿದ ಪ್ರತಿಕ್ರಿಯೆ ನಿಂತುಹೋದಂತೆ ಕಂಡರೂ ಸ್ವಲ್ಪ ಕಾಲದ ನಂತರ ತಾನಾಗಿ ಮರಳುವುದನ್ನು ರಷ್ಯಾದ ವಿಜ್ಞಾನಿ ಪಾವ್ಲೊವ್ ತಾನು ಪ್ರಯೋಗ ನಡೆಸುತ್ತಿದ್ದ ನಾಯಿಗಳಲ್ಲೇ ಗುರುತಿಸಿದ್ದ. ಹಳೆಯ ಕಲಿಕೆ ಬಹುಮಟ್ಟಿಗೆ ಉಳಿದೇ ಇರುತ್ತದೆ, ಹೊಸ ಕಲಿಕೆ ಅದರ ಮೇಲೆ ಹಿಡಿತ ಸಾಧಿಸುತ್ತದೆ, ದಣಿವು, ಒತ್ತಡ, ಹಳೆಯ ಸನ್ನಿವೇಶ ಎದುರಾದಾಗ ಆ ಹಿಡಿತ ಸಡಿಲವಾಗುತ್ತದೆ ಎಂಬುದೇ ಇಂದಿನ ತಿಳಿವಳಿಕೆ. ಇದನ್ನು ಹೇಳಿದರೆ ಓದುಗರು ಎದೆಗುಂದುತ್ತಾರೆಂದು ನೀವು ಹೆದರಬೇಕಾಗಿಲ್ಲ. ಯೋಚನೆ ಮರಳಿ ಬಂದದ್ದು ತಮ್ಮ ಸೋಲಲ್ಲವೆಂದು ತಿಳಿಯುವುದೇ ಎಷ್ಟೋ ಜನರಿಗೆ ದೊಡ್ಡ ಸಮಾಧಾನ.

ಕೆಟ್ಟ ಯೋಚನೆ ಬಂದ ಕ್ಷಣವೇ ಹೊರಗಟ್ಟಿರಿ ಎಂಬ ಸಲಹೆಯನ್ನೂ ದಯವಿಟ್ಟು ತೆಗೆದುಹಾಕಿ. ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರಿಗೆ ಆಮೇಲೆ ಆ ಕರಡಿಯೇ ಹೆಚ್ಚು ನೆನಪಾದದ್ದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ತೋರಿಸಿದರು. ನಿಮ್ಮ ಪರಂಪರೆಯಲ್ಲೇ ಇದಕ್ಕಿಂತ ಸೂಕ್ಷ್ಮವಾದ ದಾರಿಯಿದೆ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಇವಾಗ್ರಿಯಸ್, ಮನಸ್ಸನ್ನು ಕಾಡುವ ಯೋಚನೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಒಂದೊಂದು ಯೋಚನೆಗೂ ಉತ್ತರವಾಗಿ ಹೇಳಬೇಕಾದ ಬೈಬಲ್ ವಚನಗಳನ್ನು ಒಂದೆಡೆ ಸೇರಿಸಿಟ್ಟ. ಯೋಚನೆಯನ್ನು ಹೆಸರಿಟ್ಟು ಗುರುತಿಸಿ ಅದಕ್ಕೆ ಉತ್ತರಿಸುವ ಈ ಕ್ರಮವನ್ನು ನೀವು ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರ ಚಿಕಿತ್ಸಾಕ್ರಮದ ಪಕ್ಕದಲ್ಲಿಟ್ಟು ಬರೆಯಬಹುದಿತ್ತು. ಖಿನ್ನತೆಯ ರೋಗಿಗಳ ಮನಸ್ಸಿನಲ್ಲಿ ತಾವಾಗಿ ಹಾದುಹೋಗುವ ಯೋಚನೆಗಳನ್ನು 1960ರ ದಶಕದಲ್ಲಿ ಗಮನಿಸಿದ ಬೆಕ್, ಅವನ್ನು ಬರೆದಿಟ್ಟುಕೊಂಡು ಅವುಗಳಿಗೆ ಆಧಾರವೇನೆಂದು ಪರೀಕ್ಷಿಸುವ ವಿಧಾನವನ್ನು ರೂಪಿಸಿದರು. ಹಿತವಾದದ್ದನ್ನು ಯೋಚಿಸಿ ಎಂದು ಅವರು ಹೇಳಲಿಲ್ಲ, ನಿಜವಾದದ್ದನ್ನು ಹುಡುಕಿಸಿದರು. ನೀವು ಉದ್ಧರಿಸಿರುವ ಫಿಲಿಪ್ಪಿ ಊರಿನ ವಿಶ್ವಾಸಿಗಳಿಗೆ ಪೌಲನು ಬರೆದ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿಯೂ ಮನಸ್ಸಿಗೆ ತಂದುಕೊಳ್ಳಬೇಕಾದವುಗಳ ಪಟ್ಟಿ ಸತ್ಯದಿಂದಲೇ ಶುರುವಾಗುತ್ತದೆ, ಮನೋಹರವಾದದ್ದು ಆಮೇಲೆ ಬರುತ್ತದೆ. ಅದನ್ನು ಬರೆದವನು ಸೆರೆಯಲ್ಲಿದ್ದ. ಪೌಲನನ್ನು ನರವಿಜ್ಞಾನಿಯನ್ನಾಗಿ ಮಾಡುವುದಕ್ಕಿಂತ ಇದನ್ನು ವಿವರಿಸುವುದು ಅವನಿಗೂ ನಿಮ್ಮ ವಿಶ್ವಾಸಕ್ಕೂ ಹೆಚ್ಚು ಗೌರವ ತರುವ ಕೆಲಸ. ವಿಶ್ವಾಸಕ್ಕೆ ಮೆದುಳಿನ ಸ್ಕ್ಯಾನಿನಿಂದ ಪ್ರಮಾಣಪತ್ರ ಬೇಡ.

ನನ್ನನ್ನು ನಿಜಕ್ಕೂ ಕಳವಳಗೊಳಿಸಿದ್ದು ‘ವಿಶ್ವಾಸ ದೃಢವಾಗಿದ್ದವರನ್ನು ಖಿನ್ನತೆ ಮುಟ್ಟದು’ ಎಂಬ ನಿಮ್ಮ ವಾಕ್ಯ. ಇದನ್ನು ನಮ್ಮ ಪತ್ರಿಕೆ ಯಾವ ಕಾರಣಕ್ಕೂ ಅಚ್ಚು ಮಾಡುವುದಿಲ್ಲ. ಬೈಬಲಿನ ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಪ್ರವಾದಿ ಎಲೀಯನು ಅಡವಿಯಲ್ಲಿ ಗಿಡದ ಕೆಳಗೆ ಕುಳಿತು ತನಗೆ ಸಾವು ಬರಲೆಂದು ಬೇಡಿಕೊಂಡಾಗ ದೇವದೂತನು ಅವನನ್ನು ಗದರಲಿಲ್ಲ, ವಿಶ್ವಾಸವನ್ನು ಪರೀಕ್ಷಿಸಲಿಲ್ಲ. ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಎಬ್ಬಿಸಿ ಇನ್ನೊಮ್ಮೆ ಉಣಿಸಿದ. ಬೈಬಲಿನ 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ. ಇವುಗಳಿಗೆ ಜಾಗವಿಲ್ಲದ ಲೇಖನವು ಔಷಧಿ ತೆಗೆದುಕೊಳ್ಳುತ್ತಿರುವ ವಿಶ್ವಾಸಿಯೊಬ್ಬನಲ್ಲಿ ಗುಳಿಗೆ ನಿಲ್ಲಿಸುವ ಯೋಚನೆ ಹುಟ್ಟಿಸೀತು.

ಲೇಖನದ ಆರನೆಯ ಪುಟದಲ್ಲಿ, ಗಂಡ ತೀರಿಕೊಂಡ ಮೇಲೆ ‘ನನ್ನಿಂದಲೇ ಹೀಗಾಯಿತು’ ಎಂದು ರಾತ್ರಿಯೆಲ್ಲ ಎಚ್ಚರವಿರುತ್ತಿದ್ದ ನಿಮ್ಮ ಚಿಕ್ಕಮ್ಮ 42ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರೆಂದು ನಾಲ್ಕೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಇಡೀ ಬರಹದಲ್ಲಿ ಉಸಿರಾಡುವ ಭಾಗ ಅದೊಂದೇ. ಏಕೆ ಕುಗ್ಗಿದ್ದೀಯೆ ಎಂದು ತನ್ನ ಮನಸ್ಸನ್ನೇ ಕೇಳುವ ಆ ಮಾತು 42 ಮತ್ತು 43ನೆಯ ಕೀರ್ತನೆಗಳಲ್ಲಿ ಒಟ್ಟು ಮೂರು ಸಲ ಬರುತ್ತದೆ. ಒಂದು ಸಲ ಕೇಳಿದರೆ ಮನಸ್ಸು ಒಪ್ಪುವುದಿಲ್ಲವೆಂಬುದು ಅದನ್ನು ಬರೆದವನಿಗೆ ಗೊತ್ತಿತ್ತು. ಚಿಕ್ಕಮ್ಮನವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಲೇಖನವನ್ನು ಅಲ್ಲಿಂದಲೇ ಕಟ್ಟಿ: ಯಾವ ಯೋಚನೆ ಯಾವ ಹೊತ್ತಿಗೆ ಬರುತ್ತಿತ್ತು, ಅವರು ಏನು ಉತ್ತರ ಕೊಡುತ್ತಿದ್ದರು, ಯಾವುದು ಕಡಿಮೆಯಾಯಿತು, ಯಾವುದು ಇಂದಿಗೂ ಉಳಿದಿದೆ. ವಿಜ್ಞಾನದ ಮಾತು ಅದಕ್ಕೆ ಬೇಕಾದಷ್ಟೇ ಬರಲಿ. ಆ ಭಾಗಗಳನ್ನು ದಾವಣಗೆರೆಯ ವೈದ್ಯಕೀಯ ಕಾಲೇಜೊಂದರ ಮನೋವೈದ್ಯಶಾಸ್ತ್ರ ವಿಭಾಗದವರಿಗೆ ತೋರಿಸಿ, ಅವರ ತಿದ್ದುಪಡಿಗಳೊಂದಿಗೆ 1,200 ಪದಗಳಿಗೆ ಇಳಿಸಿ ಕಳುಹಿಸಿದರೆ ಪ್ರಕಟಣೆಗೆ ಪರಿಗಣಿಸುತ್ತೇನೆ. ಹಗಲೂ ರಾತ್ರಿ ಉಚಿತವಾಗಿ ಸಿಗುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಲೇಖನದ ಕೆಳಗೆ ಅಚ್ಚಾಗಬೇಕು. ಅದನ್ನು ಕೊನೆಯ ಸಾಲಾಗಿ ನೀವೇ ಸೇರಿಸಿ.

ವಿಶ್ವಾಸಪೂರ್ವಕ,
ಸಂಪಾದಕ
ದಾವಣಗೆರೆ